ಗುಂಡಿಯೊಳಗೆ ಆರಿದ ದೀಪ

ಆ ರಬ್ಬರ್ ಕಾರ್ಖಾನೆಯಲ್ಲಿ ನಾನು ಹೆದರದ ವಸ್ತುವೇ ಇರಲಿಲ್ಲ. ರಬ್ಬರ್ ಅರೆಯುವ ಮಿಲ್ಲಿನ ಎರಡು ಉರುಳೆಗಳ ನಡುವಿನ ಸಂದು ಕಂಡರೆ ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ಬಾಯ್ಲರ್ ಮುಂದೆ ಹಾಯುವಾಗ ಹೆಜ್ಜೆ ಚುರುಕಾಗುತ್ತಿತ್ತು. ಉಗಿಯಲ್ಲಿ ರಬ್ಬರ್ ಬೇಯಿಸುವ ಉಕ್ಕಿನ ಹಂಡೆಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ನನಗೆ ಆಫೀಸಿನಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಮಿಲ್ಲಿನ ಮೇಸ್ತ್ರಿ ವಯಸ್ಸಾದ ಮನುಷ್ಯ, ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಅವರು ಜೋರಾಗಿ ಕೂಗುತ್ತಿದ್ದರು: "ಮೇಡಂ ಬಂದ್ರು, ಮಷೀನಿಗೆಲ್ಲಾ ಸುಮ್ನ ನಿಂದ್ರಂತ ಹೇಳ್ರಪಾ!" ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಇಷ್ಟಕ್ಕೆಲ್ಲ ಹೆದರುವ ನಾನು ಒಂದೇ ಒಂದಕ್ಕೆ ಹೆದರಿರಲಿಲ್ಲ. ಅದು ನಾವೇ ಕಟ್ಟಿದ ಗುಂಡಿ.

ಕಲಬುರಗಿ ಕಡೆಯ ವಾಡಿ ಪಟ್ಟಣದ ಹೊರಗೆ, ಶಹಾಬಾದಿನ ದಾರಿಗೆ ಹತ್ತಿಕೊಂಡು ಇತ್ತು ನಮ್ಮ ಕಾರ್ಖಾನೆ. ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಕಲ್ಲು ಸಾಗಿಸುವ ಪಟ್ಟಿಗಳನ್ನು ತಿರುಗಿಸುವ ದೊಡ್ಡ ರೋಲರ್‌ಗಳು ಇರುತ್ತವಲ್ಲ, ಅವುಗಳ ಮೈಮೇಲಿನ ರಬ್ಬರ್ ಸವೆದರೆ ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಹಳೆಯ ರಬ್ಬರ್ ಸುಲಿದು ಹೊಸದನ್ನು ಹೊದಿಸಿ ಕಳಿಸುವುದು ನಮ್ಮ ಕೆಲಸ. ಹೊಸ ರಬ್ಬರ್ ಕಬ್ಬಿಣಕ್ಕೆ ಕಚ್ಚಿ ಹಿಡಿಯಬೇಕಾದರೆ ಕಬ್ಬಿಣದ ಮೇಲೆ ತುಕ್ಕಿನ ಒಂದು ಕಣವೂ ಉಳಿಯಬಾರದು. ಅದಕ್ಕೆ ರೋಲರನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ, ತೆಗೆದು, ನೀರು ಹೊಡೆದು ತೊಳೆಯುತ್ತಿದ್ದೆವು. ಆ ತೊಟ್ಟಿ ಇಬ್ಬರು ಅಣ್ಣತಮ್ಮಂದಿರ ಕೈಯಲ್ಲಿತ್ತು. ಅವರು ಸೇಡಂ ತಾಲ್ಲೂಕಿನ ಕುರಕುಂಟಾದವರು. ದೊಡ್ಡವನು ಆಸಿಡ್ಡಿನ ಹದ ನೋಡುತ್ತಿದ್ದ. ಸಣ್ಣವನು ಚೈನ್ ಪುಲ್ಲಿ ಮತ್ತು ಉದ್ದನೆಯ ಕೊಕ್ಕೆಯಿಂದ ರೋಲರ್‌ಗಳನ್ನು ಇಳಿಸಿ ಎತ್ತುತ್ತಿದ್ದ. ಇಬ್ಬರೂ ಮೂವತ್ತರ ಆಸುಪಾಸಿನವರು, ಇಬ್ಬರಿಗೂ ಮದುವೆಯಾಗಿತ್ತು, ಆದರೂ ಒಂದೇ ಡಬ್ಬಿಯಲ್ಲಿ ಬುತ್ತಿ ಉಣ್ಣುತ್ತಿದ್ದರು.

ತೊಳೆದ ನೀರು ಹಿಂದಿನ ಗೋಡೆಯ ತೂತಿನಿಂದ ಹಳ್ಳಕ್ಕೆ ಹೋಗುತ್ತಿತ್ತು. ಹಳ್ಳ ಕಾಗಿಣಾ ನದಿಗೆ. ತುಕ್ಕಿನ ಬಣ್ಣದ, ಹುಳಿ ವಾಸನೆಯ ನೀರು. ಹಳ್ಳದ ಎರಡೂ ದಂಡೆಯಲ್ಲಿ ಹುಲ್ಲು ಸುಟ್ಟು ಕರಿದಾಗಿತ್ತು. ಕುರಿ ಕಾಯುವವರು ಬಂದು ಗೇಟಿನಲ್ಲಿ ಜಗಳ ಮಾಡಿ ಹೋದರು. ಆಮೇಲೆ ಮಾಲಿನ್ಯ ಮಂಡಳಿಯವರ ಜೀಪು ಬಂತು, ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಯಿತು. ಅದು ಹೋದ ಮೇಲೆ ಮಾಲಕರು ನನ್ನನ್ನು ಕರೆಸಿದರು. ಹಣೆ ತುಂಬ ವಿಭೂತಿ, ಮಾತು ಯಾವಾಗಲೂ ಮೆತ್ತಗೆ. ಆವತ್ತು ಮೆತ್ತಗಿರಲಿಲ್ಲ.

"ನೋಡ್ರಿ ಮೇಡಂ, ಸುಲಿದ ರಬ್ಬರ್ ಸುಡಬ್ಯಾಡ್ರಿ ಅಂದ್ರಿ, ಸುಡೂದು ಬಿಟ್ಟೆ. ಚಾಪಿ ಮಾಡೋರಿಗೆ ಕೊಟ್ಟೆ. ಕರಿ ಪುಡಿ ಹಾರತದ ಅಂದ್ರಿ, ಚೀಲ ಕಟ್ಟಿಸಿದೆ. ಈಗ ನೀರು. ಈ ನೀರಿಂದ ಫ್ಯಾಕ್ಟರಿಗಿ ಬೀಗ ಬಿದ್ರ ಇಷ್ಟು ಮಂದಿ ಎಲ್ಲಿ ಹೋಗಬೇಕು? ಕೆಮಿಸ್ಟ್ರಿ ಓದಿದವರು ನೀವು. ಯಾನರ ಮಾಡ್ರಿ."

ರಬ್ಬರಿಗೆ ಗಂಧಕ ಎಷ್ಟು, ಕರಿ ಪುಡಿ ಎಷ್ಟು ಎಂದು ತೂಗಿಸುವುದು, ಬೆಂದ ಮೇಲೆ ಗಡಸುತನ ನೋಡುವುದು, ಇವು ನನ್ನ ಕೆಲಸ. ಹಳ್ಳದ ಜವಾಬ್ದಾರಿ ನನ್ನ ಹೆಗಲಿಗೆ ಬಂದದ್ದು ಹೀಗೆ, ನಿಂತ ನಿಲುವಿನಲ್ಲಿ.

ಉಪಾಯ ಸಿಕ್ಕಿದ್ದು ನಮ್ಮ ಮನೆಯಲ್ಲೇ. ನಾನು ಶಹಾಬಾದಿನವಳು. ನಮ್ಮ ಕಡೆ ಮನೆಯ ನೆಲ, ಗೋಡೆ, ಮಾಳಿಗೆ, ನೀರಿನ ತೊಟ್ಟಿ, ಕುಳಿತು ಹರಟುವ ಕಟ್ಟೆ, ಎಲ್ಲವೂ ಪರಸಿ ಕಲ್ಲಿನವು. ನೆಲದಡಿಯಿಂದ ಹಾಳೆ ಹಾಳೆಯಾಗಿ ಎದ್ದು ಬರುವ ಸುಣ್ಣದ ಕಲ್ಲು ಅದು. ಅವ್ವ ಉಪ್ಪಿನಕಾಯಿಗೆ ಲಿಂಬೆಹಣ್ಣು ಕೊಯ್ಯುವಾಗ ರಸ ನೆಲಕ್ಕೆ ಬಿದ್ದರೆ ಅಲ್ಲಿ ಕಲ್ಲಿನ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತಿತ್ತು. ಆ ಭಾನುವಾರ ಅಂಥದೊಂದು ಕಲೆಯನ್ನು ಕಾಲಿನಿಂದ ಉಜ್ಜುತ್ತಾ ಕುಳಿತಿದ್ದೆ. ಹುಳಿ ಕಲ್ಲನ್ನು ತಿನ್ನುತ್ತದೆ, ಸರಿ. ಅಂದರೆ ಕಲ್ಲೂ ಹುಳಿಯನ್ನು ತಿಂದಿರಬೇಕಲ್ಲ? ನಮ್ಮ ಊರಿನಲ್ಲಿ ಪರಸಿ ಪಾಲಿಶ್ ಮಾಡುವ ಕಡೆಯೆಲ್ಲ ಬಿಳಿ ರಾಡಿ ಗುಡ್ಡದಂತೆ ಬಿದ್ದಿರುತ್ತದೆ, ಯಾರಿಗೂ ಬೇಡದ್ದು. ಮರುದಿನ ಅದನ್ನೇ ಒಂದು ಚೀಲ ತುಂಬಿಸಿಕೊಂಡು ಕಾರ್ಖಾನೆಗೆ ಒಯ್ದೆ. ಅಂಗಳದಲ್ಲಿ ಬಕೆಟ್ಟಿಟ್ಟು ಆಸಿಡ್ ನೀರಿಗೆ ಸುರಿದೆ. ಗೋಲಿ ಸೋಡಾ ಒಡೆದಂತೆ ಬುಸುಬುಸು ನೊರೆ ಎದ್ದಿತು. ನೊರೆ ಇಳಿದ ಮೇಲೆ ಆಮ್ಲ ನೋಡುವ ಕಾಗದ ಅದ್ದಿದರೆ ಕೆಂಪಾಗಬೇಕಾದದ್ದು ಹಳದಿಯಲ್ಲೇ ನಿಂತಿತು. ದೊಡ್ಡವನು ಬಗ್ಗಿ ನೋಡಿ, "ಅಕ್ಕಾರ, ನಮ್ಮ ಆಸಿಡ್ಡಿನ ಸೊಕ್ಕು ಮುರೀತ್ರಿ" ಎಂದು ಸಂತೋಷಪಟ್ಟ.

ಎರಡು ಕಸಗಳು ಒಂದನ್ನೊಂದು ತಿಂದು ಹಾಕುತ್ತವೆ, ಹಳ್ಳ ಉಳಿಯುತ್ತದೆ. ನನಗೆ ನೆಲ ಕಾಣದಷ್ಟು ಹಿಗ್ಗು. ಮಾಲಕರು ಒಪ್ಪಿದರು. ಹಿಂದಿನ ಗೋಡೆಯ ಬದಿಗೆ ಆಳೆತ್ತರಕ್ಕಿಂತ ಆಳವಾದ ಗುಂಡಿ ತೋಡಿಸಿದೆವು. ಬದಿಗಳಿಗೆ ಪರಸಿ, ತಳಕ್ಕೆ ಪರಸಿ. ಇಳಿಯಲು ಮೆಟ್ಟಿಲೂ ಪರಸಿಯವೇ, ನಮ್ಮ ಕಡೆಯ ಬಾವಿಗಳಲ್ಲಿ ಗೋಡೆಯಿಂದ ಕಲ್ಲು ಮುಂದೆ ಚಾಚಿರುತ್ತವಲ್ಲ, ಹಾಗೆ. ಕಟ್ಟಿ ಮುಗಿದ ಮೇಲೆ ಕಲ್ಲು ಕೂರಿಸಿದ ಗೌಂಡಿ ಯಾರನ್ನೂ ಕೇಳಲಿಲ್ಲ, ನಾನೂ ಯಾಕೆ ಎನ್ನಲಿಲ್ಲ, ಮೇಲೆಯೂ ಪರಸಿ ಹಾಸಿ ಸಂದಿಗೆ ಸಿಮೆಂಟ್ ಬಳಿದುಬಿಟ್ಟ. ತೆರೆದ ಗುಂಡಿಯನ್ನು ಹಾಗೇ ಬಿಡುವುದು ನಮ್ಮಲ್ಲಿ ಮನೆಯ ಬಾಗಿಲು ತೆರೆದಿಟ್ಟು ಊರಿಗೆ ಹೋದಂತೆ. ಕುರಿ ಬಿದ್ದೀತು, ಮಳೆ ನೀರು ತುಂಬೀತು, ಮೇಲಾಗಿ ಕಲ್ಲು ಕೈಗೆ ಸಿಕ್ಕುವಷ್ಟಿದೆ. ಕೊಳವೆ ಒಳಹೋಗಲು ಒಂದು ಮೂಲೆ, ತಿಳಿ ನೀರು ಹೊರಬರಲು ಇನ್ನೊಂದು ಮೂಲೆ, ನಡುವೆ ಎತ್ತಿ ತೆಗೆಯಲು ಬರುವಂತೆ ಎರಡು ಹಾಸು. ಅಂಗಳದ ಬಕೆಟ್ಟಿನಲ್ಲಿ ಬುಸುಗುಟ್ಟಿದ ಗಾಳಿ ಬಯಲಿಗೆ ಹೋಗಿತ್ತು. ಇಲ್ಲಿ ಅದಕ್ಕೆ ಹೋಗಲು ದಾರಿ ಇರಲಿಲ್ಲ. ಆ ಮಾತು ನನ್ನ ತಲೆಗೆ ಹೊಳೆಯಲಿಲ್ಲ.

ಗುಂಡಿ ಚೆನ್ನಾಗಿ ಕೆಲಸ ಮಾಡಿತು, ಅದೇ ಬಂದ ಕಷ್ಟ. ಜೀಪಿನವರು ಮತ್ತೆ ಬಂದು ನೀರು ನೋಡಿ ತಲೆ ಆಡಿಸಿ ಹೋದರು. ಮಳೆಗಾಲ ಕಳೆದ ಮೇಲೆ ಹಳ್ಳದ ದಂಡೆಯಲ್ಲಿ ಹಸಿರು ಚಿಗುರಿತು. ನಾನು ಊಟದ ಹೊತ್ತಿಗೆ ಡಬ್ಬಿ ಹಿಡಿದುಕೊಂಡು ಅಲ್ಲೇ ಹೋಗಿ ಕುಳಿತುಕೊಳ್ಳುತ್ತಿದ್ದೆ. ಒಮ್ಮೆ ರಾಡಿ ಎಷ್ಟು ಕೂತಿದೆ ನೋಡಲು ಹಾಸು ಸರಿಸಿದಾಗ ಸೋಡಾ ಕುಡಿದಾಗ ಮೂಗಿಗೆ ಏರುವಂಥ ಚುರುಕು ಏರಿತು. ಸೀನಿದೆ, ನಕ್ಕೆ, ಹಾಸು ಮುಚ್ಚಿದೆ. ಮಿಲ್ಲಿಗೆ ಹೆದರಿ ನಡೆಯುತ್ತಿದ್ದ ನಾನು ಆ ಗುಂಡಿಯ ಹಾಸಿನ ಮೇಲೆಯೇ ಕುಳಿತು ಮೊಸರನ್ನ ಉಂಡಿದ್ದೇನೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಗುಂಡಿಯಲ್ಲಿ ಕಂದು ರಾಡಿ ಮೊಣಕಾಲುದ್ದ ಕೂತಿತ್ತು. ನೀರು ಹೊರಹೋಗುವುದು ನಿಂತು ಕೊಳವೆಯ ಕಡೆ ಉಕ್ಕತೊಡಗಿತು. ತೆಗೆಸಲೇಬೇಕು. ಹೊರಗಿನವರನ್ನು ಕರೆಯೋಣ ಎಂದೆ. ದೊಡ್ಡವನು ಬೇಡವೆಂದ. "ನಮ್ಮ ತೊಟ್ಟಿ ನೀರು, ನಮ್ಮ ಗುಂಡಿ. ನಾವೇ ತಗೀತೀವ್ರಿ. ಊರಾಗ ಬಾವಿ ಹೂಳು ತಗದೀವಿ, ಇದೇನು ದೊಡ್ಡದಲ್ಲ." ಹಿಂದಿನ ಸಂಜೆ ಕೊನೆಯ ತೊಟ್ಟಿ ನೀರನ್ನು ಬಿಟ್ಟು, ತಿಳಿಯಾದ ಮೇಲೆ ನಿಂತ ನೀರನ್ನು ಪಂಪಿನಿಂದ ಹೊರಹಾಕಿ, ರಾಡಿಯ ಮೇಲೆ ಪಾಲಿಶ್ ರಾಡಿಯನ್ನೂ ಧಾರಾಳವಾಗಿ ಸುರಿದು, ಮುಚ್ಚಿ ಮನೆಗೆ ಹೋದೆವು. ಆಸಿಡ್ಡಿನ ಅಂಶ ಉಳಿದಿದ್ದರೆ ಇಳಿದವನ ಕಾಲು ಸುಡಬಾರದು ಎಂದು ನಾನೇ ಹೇಳಿದ್ದೆ. ರಾತ್ರಿಯೆಲ್ಲ ಅದು ಮುಚ್ಚಿದ ಕಲ್ಲಿನಡಿ ಬುಸುಗುಟ್ಟಿರಬೇಕು.

ಬೆಳಿಗ್ಗೆ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಮಾಲಕರು ಕಲಬುರಗಿಗೆ ಹೋಗಿದ್ದರು. ಅಣ್ಣತಮ್ಮ ಇಬ್ಬರೂ ಮೊಣಕಾಲಿನವರೆಗೆ ಬೂಟು ಹಾಕಿ, ನಮ್ಮಲ್ಲೇ ಮಾಡಿದ ದಪ್ಪ ರಬ್ಬರಿನ ಏಪ್ರನ್ ಕಟ್ಟಿಕೊಂಡು ಬಂದರು. ಹಾರೆ ಹಾಕಿ ನಡುವಿನ ಎರಡು ಹಾಸು ಎತ್ತಿದರು. ದೊಡ್ಡವನು ಜೇಬಿನಿಂದ ಮಣ್ಣಿನ ಪಣತಿ, ಬತ್ತಿ, ಸಣ್ಣ ಶೀಶೆಯಲ್ಲಿ ಎಣ್ಣೆ ತೆಗೆದ. ಅವರ ಮನೆತನದಲ್ಲಿ ಬಾವಿಗಾಗಲಿ ಗಣಿಗಾಗಲಿ ಇಳಿಯುವ ಮುಂಚೆ ಒಳಗೊಂದು ದೀಪ ಇಟ್ಟು, ಕಾಯಿ ಒಡೆದು, ಆಮೇಲೆ ಕಾಲಿಡುವುದು ಪದ್ಧತಿ. ಭೂಮಿಯ ಹೊಟ್ಟೆಗೆ ಕೇಳದೆ ಇಳಿಯಬಾರದು ಎನ್ನುತ್ತಿದ್ದರು. ಚಾಚಾ ಬದಿಯಲ್ಲಿ ಕಾಯಿ ಹಿಡಿದು ನಿಂತಿದ್ದರು. ನಾನು ಎದುರು ಬದಿಗೆ.

ದೊಡ್ಡವನು ದೀಪ ಹಚ್ಚಿ, ಅಂಗೈ ಮರೆಮಾಡಿ ಎರಡು ಮೆಟ್ಟಿಲು ಇಳಿದ. ಎದೆಯ ಮೇಲ್ಭಾಗವೆಲ್ಲ ಇನ್ನೂ ಹೊರಗಿತ್ತು. ಗೋಡೆ ಹಿಡಿದು ಬಗ್ಗಿ, ಕೆಳಗಿನ ಚಾಚುಗಲ್ಲಿನ ಮೇಲೆ ಪಣತಿ ಇಟ್ಟು ನೆಟ್ಟಗಾದ. ಇಟ್ಟ ಕ್ಷಣದಲ್ಲೇ ದೀಪ ಆರಿತು. ಗಾಳಿಗೆ ಆರುವ ದೀಪ ಒಮ್ಮೆ ಒದ್ದಾಡುತ್ತದೆ. ಇದು ಒದ್ದಾಡಲಿಲ್ಲ, ಯಾರೋ ಬೆರಳಿನಿಂದ ಚಿವುಟಿದ ಹಾಗೆ ಹೋಯಿತು.

"ಆರ್ತು" ಎಂದ ಸಣ್ಣವನು. ಅವನ ಮುಖ ಚಿಕ್ಕದಾಯಿತು. ಕಾಯಿ ಒಡೆಯುವ ಮುಂಚೆ ದೀಪ ಆರುವುದು ಅವರಿಗೆ ಒಳ್ಳೆಯದಲ್ಲ.

"ಕಡ್ಡಿ ಪೆಟಗಿ ಕೊಡು" ಎಂದ ದೊಡ್ಡವನು.

ಕಡ್ಡಿ ಗೀರಿ ಕೆಳಗೆ ಒಯ್ದ. ಅದೂ ಆರಿತು. ನಾನು ಬತ್ತಿಯ ಹೊಗೆ ನೋಡುತ್ತಿದ್ದೆ. ಹೊಗೆ ಮೇಲೆ ಬರಲಿಲ್ಲ. ಗುಂಡಿಯ ನಡು ಎತ್ತರದಲ್ಲಿ, ಹಾಲಿನ ಮೇಲೆ ಕೆನೆ ನಿಂತಂತೆ, ಅಡ್ಡಡ್ಡ ಹರಡಿ ಅಲ್ಲೇ ನಿಂತಿತು. ಅದರ ಕೆಳಗೆ ಏನೋ ತುಂಬಿಕೊಂಡಿದೆ, ಕಣ್ಣಿಗೆ ಕಾಣದ, ಗಾಳಿಗಿಂತ ಭಾರವಾದ, ಉಸಿರಿಗೆ ಬಾರದ ಏನೋ, ಆ ಹೊಗೆಯ ಮಟ್ಟದವರೆಗೆ. ಅಂಗಳದ ಬಕೆಟ್ಟು, ಸೋಡಾದ ಚುರುಕು, ಮುಚ್ಚಿದ ಕಲ್ಲು, ಎಲ್ಲ ಒಟ್ಟಿಗೆ ನನ್ನ ಎದೆಗೆ ಬಂದು ಬಡಿದವು.

"ಮ್ಯಾಲ ಬಾ! ಬಿಡು ಅದನ್ನ, ಮ್ಯಾಲ ಬಾ!"

"ಹಾಂಗ ಬಿಡಬಾರದ್ರಿ ಅಕ್ಕಾರ, ಆರಿದ ದೀಪ ಬಿಟ್ಟು ಏಳಬಾರದು" ಎಂದು ಅವನು ಇನ್ನೊಂದು ಮೆಟ್ಟಿಲು ಇಳಿದ. ಎರಡೂ ಕೈಯಿಂದ ಬತ್ತಿಗೆ ಮರೆ ಕಟ್ಟಲು ಪೂರ್ತಿ ಬಗ್ಗಿದ. ಮತ್ತೆ ಏಳಲಿಲ್ಲ. ಕೂಗಲೂ ಇಲ್ಲ. ಮೊಣಕಾಲು ಮಡಚಿ, ಬದಿಗೆ ವಾಲಿ, ಚೀಲ ಜಾರಿದ ಹಾಗೆ ರಾಡಿಗೆ ಜಾರಿದ. ಒಂದು ಮೆತ್ತನೆಯ ಸಪ್ಪಳ ಬಂತು. ಆ ಸಪ್ಪಳ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸಣ್ಣವನು "ಅಣ್ಣಾ" ಎಂದವನೇ ಗುಂಡಿಯ ಬಾಯಿಗೆ ಹಾರಿದ. ನಾನು ಏನು ಯೋಚಿಸಿದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿದೆ, ಅದನ್ನು ಆಮೇಲೆ ಒಬ್ಬರಿಗೆ ಹೇಳಬೇಕಾಗಿಯೂ ಬಂತು. ಆ ಕ್ಷಣ ಮಾತ್ರ ನಾನು ಅವನ ಸೊಂಟಕ್ಕೆ ಬಿದ್ದೆ. ಇಬ್ಬರೂ ಕಲ್ಲಿನ ಮೇಲೆ ಉರುಳಿದೆವು. ಅವನ ಒಂದು ಕಾಲು ಆಗಲೇ ಗುಂಡಿಯೊಳಗಿತ್ತು.

"ಬಿಡ್ರಿ! ನಮ್ಮಣ್ಣ ಬಿದ್ದಾನ, ಬಿಡ್ರಿ!"

"ಇಳದ್ರ ನೀನೂ ಸಾಯ್ತಿ! ಒಳಗ ಗಾಳಿ ಇಲ್ಲ! ಚಾಚಾ, ಹಿಡೀರಿ ಇವನ್ನ!"

ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ತುಟಿ ಒಡೆಯಿತು. ಮಣಿಕಟ್ಟು ಕಚ್ಚಿದ, ಹಲ್ಲು ಇಳಿಯುವಷ್ಟು. ಆದರೂ ಹೇಗೆ ಬಿಡಲಿಲ್ಲವೋ ನನಗೆ ತಿಳಿಯದು. ಚಾಚಾ ಕಾಯಿ ಎಸೆದು ಬಂದು ಅವನ ಬೆನ್ನ ಮೇಲೆ ಕುಳಿತೇಬಿಟ್ಟರು. "ಬೇಟಾ, ಸುಮ್ನಾಗು. ಮೇಡಂ ಮಾತು ಕೇಳು, ಬೇಟಾ." ಮಿಲ್ಲಿನಿಂದ ಓಡಿ ಬಂದ ಇನ್ನಿಬ್ಬರು ಸೀದಾ ಗುಂಡಿಯ ಕಡೆ ಹೊರಟರು. ನಾನು ಅವರ ಮೇಲೂ ಕಿರುಚಿದೆ. ಯಾರೂ ಇಳಿಯಬೇಡಿ, ಕಂಪ್ರೆಸರ್ ಪೈಪ್ ತನ್ನಿ, ಹಾರೆ ಹಾಕಿ ಉಳಿದ ಕಲ್ಲು ಕೀಳಿ. ನನ್ನ ದನಿ ನನಗೇ ಪರಿಚಯವಿಲ್ಲದ ದನಿಯಾಗಿತ್ತು.

ರಬ್ಬರ್ ಧೂಳು ಊದಿ ತೆಗೆಯುವ ಪೈಪು ನಮ್ಮಲ್ಲಿತ್ತು. ಅದನ್ನು ಎಳೆದು ತಂದು ಗುಂಡಿಗೆ ಇಳಿಬಿಟ್ಟು ಪೂರ್ತಿ ತಿರುವಿದರು. ಗಾಳಿ ಭುಸ್ಸೆಂದು ಒಳಗೆ ನುಗ್ಗಿ ಕಂದು ರಾಡಿ ಗೋಡೆಗೆಲ್ಲ ಚಿಮ್ಮಿತು. ದೊಡ್ಡವನು ಬದಿಗೆ ಬಿದ್ದಿದ್ದ. ಒಂದು ಕೆನ್ನೆ ರಾಡಿಯಲ್ಲಿ, ಇನ್ನೊಂದು ಮೇಲೆ. ಕಣ್ಣು ಅರ್ಧ ತೆರೆದಿತ್ತು. ಪೈಪನ್ನು ಅವನ ಮುಖದ ಹತ್ತಿರ ಒಯ್ಯಿರಿ ಎಂದೆ. ಕಲ್ಲು ಒಂದೊಂದಾಗಿ ಏಳುತ್ತಿದ್ದವು. ಸಿಮೆಂಟ್ ಬಳಿದ ಸಂದಿಗಳು ಬೇಗ ಬಿಡುತ್ತಿರಲಿಲ್ಲ, ಆ ಗೌಂಡಿಯನ್ನು ಬೈದೆ, ನನ್ನನ್ನೂ ಬೈದುಕೊಂಡೆ. ಆದರೂ ಅವನನ್ನು ಮೇಲೆ ತರುವುದು ಹೇಗೆ? ಹಗ್ಗ ಹಾಕಲು ಕಟ್ಟುವವನೊಬ್ಬ ಕೆಳಗೆ ಬೇಕು. ಕೆಳಗೆ ಯಾರನ್ನೂ ಬಿಡಲಾರೆ.

ಆಗ ಚಾಚಾನ ಅಡಿಯಲ್ಲಿ ಒದ್ದಾಡುತ್ತಿದ್ದ ಸಣ್ಣವನ ಕೈ ಕಾಣಿಸಿತು. ದಿನವೂ ಆಸಿಡ್ ತೊಟ್ಟಿಯ ಅಂಚಿಗೆ ನಿಂತು, ಮುಳುಗಿದ ರೋಲರಿನ ಕಣ್ಣಿಗೆ ಉದ್ದ ಕೊಕ್ಕೆ ಹಾಕಿ ಎತ್ತುವ ಕೈ. ನಾನು ಅವನ ಮುಖದ ಹತ್ತಿರ ಮುಖ ತಂದು ಹೇಳಿದೆ.

"ನೀ ಇಳಿಬ್ಯಾಡ. ಕೊಕ್ಕಿ ಹಿಡಿ. ಏಪ್ರನ್ನಿನ ಪಟ್ಟಿ ಬೆನ್ನ ಮ್ಯಾಲ ಅದ, ನೋಡು. ಅದಕ್ಕ ಹಾಕು. ರೋಲರ್ ಎತ್ತಿದಂಗ ಎತ್ತು. ಇಳಿಯೂದಿಲ್ಲ ಅಂತ ಹೇಳು, ಬಿಡ್ತೀವಿ."

ಅವನು ನನ್ನನ್ನೇ ನೋಡಿದ. ಆ ಕಣ್ಣಲ್ಲಿ ನನ್ನನ್ನು ಕೊಲ್ಲುವಷ್ಟು ಸಿಟ್ಟಿತ್ತು.

"ಇಳಿಯಂಗಿಲ್ಲ" ಎಂದ.

ಬಿಟ್ಟೆವು. ಅವನು ಮಾತಿಗೆ ತಪ್ಪಿ ಹಾರಿದರೆ ಎಂಬ ಭಯಕ್ಕೆ ನಾನು ಅವನ ಏಪ್ರನ್ನಿನ ಪಟ್ಟಿ ಹಿಡಿದುಕೊಂಡೇ ನಿಂತೆ. ಕೊಕ್ಕೆ ತಂದರು. ಮೊದಲ ಸಲ ಪಟ್ಟಿಗೆ ತಗುಲಿ ಜಾರಿತು. ಎರಡನೆಯ ಸಲ ರಾಡಿಯಲ್ಲಿ ಸಿಕ್ಕಿತು. ಅವನು ಉಸಿರು ಬಿಗಿಹಿಡಿದು, ಹೊಟ್ಟೆಯ ಮೇಲೆ ಮಲಗಿ, ಕೊಕ್ಕೆಯ ತುದಿಯನ್ನು ನಿಧಾನಕ್ಕೆ, ಅಣ್ಣನ ಬೆನ್ನು ಗೀರದಂತೆ, ಪಟ್ಟಿಯಡಿ ತೂರಿಸಿದ. ನಾವು ನಾಲ್ವರು ಕೊಕ್ಕೆಗೆ ಕೈ ಹಾಕಿದೆವು. ರೋಲರುಗಳಿಗೆ ಅಂಟಿಸುವ ಕ್ಯಾನ್ವಾಸಿನಿಂದ ಹೊಲಿದ ಪಟ್ಟಿ ಅದು, ತೂಕ ತಡೆಯಿತು. ತಲೆ ಕೆಳಗೆ ಜೋತ ದೊಡ್ಡವನು ಕಂದು ರಾಡಿ ಸುರಿಸುತ್ತಾ ಮೇಲೆ ಬಂದ.

ತುಟಿ ನೀಲಿಯಾಗಿತ್ತು. ಎದೆ ಆಡುತ್ತಿರಲಿಲ್ಲ. ಚಾಚಾ ಬಾಯಿಯೊಳಗೆ ಬೆರಳು ಹಾಕಿ ರಾಡಿ ತೆಗೆದರು. ಸುರಕ್ಷತೆಯ ತರಬೇತಿಯಲ್ಲಿ ಗೊಂಬೆಯ ಮೇಲೆ ಕಲಿತದ್ದನ್ನು ನಾನು ಮನುಷ್ಯನ ಮೇಲೆ ಮಾಡಿದೆ. ಎದೆ ಒತ್ತಿದೆ, ಒಡೆದ ತುಟಿಯಿಂದಲೇ ಉಸಿರು ಊದಿದೆ, ಮತ್ತೆ ಒತ್ತಿದೆ. ದೇವರೇ ದೇವರೇ ಎಂದು ಯಾರೋ ಗೊಣಗುತ್ತಿದ್ದರು, ಆಮೇಲೆ ತಿಳಿಯಿತು ಅದು ನಾನೇ. ಆಗ ಅವನ ಗಂಟಲಲ್ಲಿ ಗೊರಕೆಯಂಥ ಒಂದು ಸದ್ದಾಯಿತು. ಉಸಿರು ಒಳಗೆ ಎಳೆದುಕೊಂಡ. ಕೆಮ್ಮಿದ. ಸಣ್ಣವನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕುಳಿತು ದೊಡ್ಡ ದನಿ ತೆಗೆದು ಅತ್ತ.

ಲಾರಿಯಲ್ಲಿ ಹಾಕಿಕೊಂಡು ಶಹಾಬಾದಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕಲಬುರಗಿಯ ದೊಡ್ಡ ದವಾಖಾನೆಗೆ. ಅವನ ಮೂಗಿಗೆ ಆಕ್ಸಿಜನ್ ಹಾಕಿದ್ದರು, ರಾಡಿಯಲ್ಲಿ ಉಳಿದಿದ್ದ ಆಸಿಡ್ ಕೆನ್ನೆಯನ್ನು ಸುಟ್ಟ ಜಾಗಕ್ಕೆ ಮುಲಾಮು. ಡಾಕ್ಟರು, ಉಸಿರಿದೆ, ಎಚ್ಚರವಾಗುವವರೆಗೆ ಏನೂ ಹೇಳಲಾಗದು, ಎಂದರು. ಮೆದುಳಿಗೆ ಎಷ್ಟು ಹೊತ್ತು ಗಾಳಿ ಸಿಗಲಿಲ್ಲವೋ ಯಾರಿಗೆ ಗೊತ್ತು. ಬಾಗಿಲ ಹೊರಗಿನ ಬೆಂಚಿನಲ್ಲಿ ನಾನು ಒಂದು ತುದಿಗೆ, ಸಣ್ಣವನು ಇನ್ನೊಂದು ತುದಿಗೆ. ನನಗೆ ಅವನ ಅಣ್ಣ ಸಾಯುತ್ತಾನೆಂಬ ಭಯ ಒಂದು ಕಡೆ, ಎದ್ದವನು ಯಾರನ್ನೂ ಗುರುತಿಸದೆ ಹೋದರೆ ಎಂಬ ಭಯ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು. ಮಾಲಕರು ಬಂದು ನನ್ನ ತುಟಿ ನೋಡಿ, ಪಕ್ಕದಲ್ಲಿ ಕುಳಿತರು.

ಮರುದಿನ ಮಧ್ಯಾಹ್ನ ಅವನಿಗೆ ಎಚ್ಚರವಾಯಿತು. ತಮ್ಮನನ್ನು ನೋಡಿದ, ನನ್ನನ್ನು ನೋಡಿದ. ದನಿ ಗೊಗ್ಗರಾಗಿತ್ತು.

"ದೀಪ ಹಚ್ಚಿದ್ರೇನು?"

ನಾನು ಹೊರಗೆ ಬಂದು, ಗೋಡೆಗೆ ಆತುಕೊಂಡು ಅತ್ತೆ.

ಕಾರ್ಖಾನೆಗೆ ಮರಳಿದಾಗ ಮಾಲಕರು ಹೇಳಿದರು, "ಇನ್ನ ಮುಚ್ಚೂದೇ ಬ್ಯಾಡ. ತೆರೆದೇ ಇರಲಿ. ಸುತ್ತ ತಂತಿ ಹಾಕೂಣ, ಒಂದು ಫ್ಯಾನ್ ಇಡೂಣ. ನೀರಂತೂ ಛಂದ ಆಗ್ಯಾದಲ್ರಿ ಮೇಡಂ." ಅದು ತಪ್ಪು ಮಾತೇನಲ್ಲ. ಫ್ಯಾನ್ ಇಟ್ಟು, ತೆರೆದಿಟ್ಟು ನಡೆಸುವವರು ಎಷ್ಟೋ ಜನ ಇದ್ದಾರೆ. ಆದರೆ ನನಗೆ ಗೊತ್ತಿತ್ತು, ಒಂದು ದಿನ ಕರೆಂಟು ಹೋಗುತ್ತದೆ, ಒಂದು ಮಳೆಗಾಲದಲ್ಲಿ ಯಾರೋ ಒಬ್ಬರು ಮೇಲೊಂದು ಪರಸಿ ಎಳೆಯುತ್ತಾರೆ. ನಮ್ಮ ಊರಿನವರ ಕೈ ನನಗೆ ಗೊತ್ತಿಲ್ಲವೇ?

"ಆಸಿಡ್ಡೇ ಬ್ಯಾಡ್ರಿ" ಎಂದೆ.

"ಅಂದ್ರ ತುಕ್ಕು?"

"ಉಕ್ಕಿನ ಹರಳು ಹೊಡೆದು ತಗೀಬಹುದು. ಮುಚ್ಚಿದ ಕೋಣ್ಯಾಗ, ಗಾಳಿ ಒತ್ತಡದಿಂದ. ಹರಳು ತಿರುಗಿ ಹಿಡಕೊಂಡು ಮತ್ತ ಬಳಸಬಹುದು. ನೀರೇ ಬ್ಯಾಡ. ನೀರಿಲ್ಲಂದ್ರ ಹಳ್ಳಕ್ಕ ಬಿಡೂದೂ ಇಲ್ಲ, ಗುಂಡಿಯೂ ಇಲ್ಲ."

ಅವರು ತಲೆಯ ಮೇಲೆ ಕೈ ಹೊತ್ತರು. ಹೊಸ ಯಂತ್ರ, ಅಷ್ಟು ದಿನ ಕೆಲಸ ನಿಲ್ಲುವುದು, ಸಿಮೆಂಟಿನವರಿಗೆ ಏನು ಹೇಳುವುದು. ವಾದ ಮಾಡುವುದರಲ್ಲಿ ನಾನು ಯಾವತ್ತೂ ಹಿಂದೆ. ಆವತ್ತು ಮಾತ್ರ ಹೆದರಿಕೆ ನನ್ನ ನಾಲಿಗೆಗೆ ಬಲ ಕೊಟ್ಟಿತು. ಆ ತೊಟ್ಟಿ ಇದ್ದರೆ ನಾನಿರುವುದಿಲ್ಲ ಎಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಸಣ್ಣವನು ಘಟನೆಯಾದ ಮೇಲೆ ಮೊದಲ ಸಲ ನನ್ನ ಕಡೆ ಮಾತಾಡಿದ, ನನ್ನ ಮುಖ ನೋಡದೆ. "ನಾನೂ ಇರಂಗಿಲ್ರಿ." ಮಾಲಕರು ನಮ್ಮಿಬ್ಬರನ್ನೂ ನೋಡಿದರು. ಕೊನೆಗೆ ಒಪ್ಪಿದರು. ತೊಟ್ಟಿ ಖಾಲಿ ಮಾಡಿಸಿ ಒಡೆಸಿದ್ದು, ಗುಂಡಿಯನ್ನು ಕಲ್ಲುಮಣ್ಣು ತುಂಬಿಸಿ ಮುಚ್ಚಿಸಿದ್ದು, ಹರಳು ಹೊಡೆಯುವ ಕೋಣೆಗೆ ಧೂಳು ಹೊರಬರದಂತೆ ರಬ್ಬರ್ ಪಟ್ಟಿ ಕೂರಿಸಲು ಮೂರು ಸಲ ಸೋತದ್ದು, ಅದೆಲ್ಲ ನಿಧಾನದ ಕೆಲಸ, ಆಯಿತು. ಹಳ್ಳಕ್ಕೆ ಹೋಗುತ್ತಿದ್ದ ಗೋಡೆಯ ತೂತನ್ನು ಚಾಚಾ ತಾವೇ ಇಟ್ಟಿಗೆ ಹಿಡಿದು ಮುಚ್ಚಿದರು.

ಇನ್ನೊಂದು ಕೆಲಸ ಉಳಿದಿತ್ತು. ದೊಡ್ಡವನು ಊರಿಗೆ ಹೋಗಿ ಸುಧಾರಿಸಿಕೊಳ್ಳುತ್ತಿದ್ದ. ನೋಡಲು ಹೋಗಬೇಕು, ಹೋಗಲು ಕಾಲು ಬರುತ್ತಿರಲಿಲ್ಲ. ಅಲ್ಲಿ ಅವರ ಅವ್ವ ಇದ್ದಳು. ಕೊನೆಗೊಂದು ದಿನ ವಾಡಿಯಿಂದ ಪ್ಯಾಸೆಂಜರ್ ಗಾಡಿ ಹತ್ತಿ ಕುರಕುಂಟಾದಲ್ಲಿ ಇಳಿದೆ.

ಅಂಗಳದಲ್ಲಿ ದೊಡ್ಡವನು ಮೊರದ ಮುಂದೆ ಕುಳಿತು ತೊಗರಿ ಹಸನು ಮಾಡುತ್ತಿದ್ದ. ಕೆನ್ನೆಯ ಮೇಲೆ ಗುಲಾಬಿ ಬಣ್ಣದ ಹೊಸ ಚರ್ಮ. ರಜೆಗೆ ಬಂದಿದ್ದ ಸಣ್ಣವನು ನನ್ನನ್ನು ಕಂಡು ಎದ್ದು ಒಳಗೆ ಹೋಗಿ ಚಾಪೆ ತಂದು ಹಾಸಿದ. ಅವ್ವ ನೀರು ಕೊಟ್ಟು ನನ್ನೆದುರು ಕುಳಿತಳು. ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ಹಲ್ಲಿನ ಗುರುತು ನೋಡಿದಳು.

"ಇವಾ ಕಚ್ಚಿದ್ದೇನವ್ವಾ?"

"ಹೂಂ."

"ಒಂದು ಮಾತು ಕೇಳ್ತೀನಿ. ಬ್ಯಾಸರ ಮಾಡ್ಕೋಬ್ಯಾಡ." ಅವಳು ಕೈ ಬಿಡಲಿಲ್ಲ. "ಸಣ್ಣವನ್ನ ಹಿಡದಾಗ, ದೊಡ್ಡವ ಹೋದ ಅಂತ ತಿಳ್ಕೊಂಡಿದ್ದೇನು?"

ಮೊರದ ಸಪ್ಪಳ ನಿಂತಿತು. ಅವನು ಅಲ್ಲೇ ಕುಳಿತಿದ್ದ, ಕೈಗೆ ಎಟಕುವಷ್ಟು ಹತ್ತಿರ. ಉಸಿರಾಡುತ್ತಿದ್ದ. ಇಲ್ಲ ಎಂದುಬಿಡಬಹುದಿತ್ತು. ಬಾವಿಯಂಥ ಆ ಗುಂಡಿಯ ಬಾಯಲ್ಲಿ ಕೂಡ ನನಗೆ ಅಷ್ಟು ಭಯವಾಗಿರಲಿಲ್ಲ.

"ಹೌದವ್ವಾ" ಎಂದೆ. "ಅವ ಹೋದ ಅಂತನೇ ತಿಳ್ಕೊಂಡೆ. ನಿಮಗ ಒಬ್ಬರೇ ಆದ್ರೂ ಉಳೀಲಿ ಅಂತ ಇವನ್ನ ಹಿಡದೆ."

ದೊಡ್ಡವನು ತೊಗರಿಯಲ್ಲಿದ್ದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದ.

"ನಾ ಮ್ಯಾಲ ನಿಂತಿದ್ರೂ ಅವನ್ನೇ ಹಿಡೀತಿದ್ದೆ ಬಿಡವ್ವಾ" ಎಂದ.

ಸಣ್ಣವನು ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತುಕೊಂಡ. ಆಮೇಲೆ ಅವ್ವ ನನ್ನ ಕೈ ಬಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದಳು. ಹೊತ್ತು ಮುಳುಗುತ್ತಿತ್ತು. ಗೋಡೆಯ ಮಾಡದಲ್ಲಿದ್ದ ಪಣತಿಗೆ ಎಣ್ಣೆ ಹಾಕಿ, ಕಡ್ಡಿ ಗೀರಿ ಬತ್ತಿಗೆ ಹಿಡಿದಳು. ನಾವು ಮೂವರೂ ಉಸಿರು ಹಿಡಿದು ಅದನ್ನೇ ನೋಡಿದೆವು. ಅವಳೂ ಕೈ ತೆಗೆಯದೆ ನೋಡುತ್ತಾ ನಿಂತಳು. ದೀಪ ಒಮ್ಮೆ ಬಗ್ಗಿ, ನೆಟ್ಟಗಾಗಿ, ನಿಂತು ಉರಿಯಿತು. "ಕೈ ತೊಳ್ಕೋರಿ, ರೊಟ್ಟಿ ಬಿಸಿ ಅದಾವ" ಎಂದು ಅವ್ವ ಒಳಗೆ ಹೋದಳು.